ಓತಿಕ್ಯಾತನ ಬಾಣಂತನ

ನಾನು ಟೋಕಿಯೋಗೆ ಬಂದದ್ದು ಮಗಳು ಶರ್ವಾಣಿಯ ಬಾಣಂತನಕ್ಕೆ. ಮಾಡಿದ್ದು ಓತಿಕ್ಯಾತನ ಬಾಣಂತನ. ಮೈಸೂರಿನಲ್ಲಿ ಈ ಮಾತು ಹೇಳಿದರೆ ನಮ್ಮ ಬೀದಿಯವರು ನಗುತ್ತಾರೆ. ನಗಲಿ, ಅವರ ನಗುವಿಗೆ ಹೆದರುವ ವಯಸ್ಸು ನನಗೆ ಯಾವತ್ತೋ ದಾಟಿತು.

ಬರುವಾಗ ಸೂಟ್‌ಕೇಸಿನ ತುಂಬ ಹರಳೆಣ್ಣೆ, ಓಮ, ಬಜೆ, ಸಾಂಬ್ರಾಣಿ, ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಗಳನ್ನು ಹೊತ್ತು ತಂದೆ. ಒಂದೂ ಹೊರಗೆ ಬರಲಿಲ್ಲ. ಆಸ್ಪತ್ರೆಯ ನರ್ಸು ಶರ್ವಾಣಿಗೆ ಎಲ್ಲ ಕಲಿಸಿ ಕಳಿಸಿದ್ದಳು. ಕೂಸಿಗೆ ಎಣ್ಣೆ ತಿಕ್ಕಬಾರದು, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಬಾರದು, ಹೊಗೆಯಂತೂ ಬೇಡವೇ ಬೇಡ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಥರ್ಮಾಮೀಟರ್ ಮುಳುಗಿಸಿ ನೋಡಿ, ನೊರೆ ಸೋಪು ಹಚ್ಚಿ, ಮೆತ್ತಗೆ ಒರೆಸಿ ಎತ್ತಿದರೆ ಮುಗಿಯಿತು. ನಮ್ಮ ಬೀದಿಯಲ್ಲಿ ನನ್ನ ಕಾಲ ಮೇಲೆ ಮಲಗಿ ಅರಚದ ಕೂಸೇ ಇಲ್ಲ. ಇಲ್ಲಿ ನನ್ನ ಸ್ವಂತ ಮೊಮ್ಮಗನ ಸ್ನಾನದ ಹೊತ್ತಿಗೆ ನಾನು ಟವೆಲು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ನನಗೆ ಕೋಪ ಬಂದಿತ್ತು. ಬಂದಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಅಳಿಯ ವಿಘ್ನೇಶ್ ಇಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುತ್ತಾನೆ. ಒಳ್ಳೆಯವನು, ದನಿ ಎತ್ತಿ ಮಾತಾಡಿದವನಲ್ಲ. ಆದರೆ ಇಡೀ ದಿನ ಕಣ್ಣಿಗೆ ಕಾಣದ ಕ್ರಿಮಿಗಳ ಜೊತೆ ಕೂತವನಿಗೆ ಸಂಜೆ ಮನೆಯಲ್ಲೂ ಅವೇ ಕಾಣುತ್ತವೆ. ಬಾಗಿಲ ಹಿಡಿಗೆ ಸ್ಯಾನಿಟೈಜರ್, ರಿಮೋಟಿಗೆ ಸ್ಯಾನಿಟೈಜರ್, ನಾನು ದೇವರ ಮುಂದೆ ಇಟ್ಟ ಗಂಟೆಯನ್ನೂ ಒಂದು ಸಲ ಒರೆಸಿಟ್ಟ. ಹೊರಗಿನಿಂದ ಬಂದವರು ಕೈ ತೊಳೆದು ಬಟ್ಟೆ ಬದಲಿಸದೆ ಕೂಸಿನ ಹತ್ತಿರ ಸುಳಿಯುವಂತಿರಲಿಲ್ಲ. ನಮ್ಮ ಅತ್ತೆ ಇದನ್ನು ಮಡಿ ಎನ್ನುತ್ತಿದ್ದರು, ಇವನು ಹೈಜೀನ್ ಎನ್ನುತ್ತಿದ್ದ.

ಮನೆಯಲ್ಲಿ ಇನ್ನೊಂದು ಜೀವವೂ ಇತ್ತು. ಹಿರಿಯ ಮೊಮ್ಮಗಳು ನಿಧಿ ಸಾಕಿಕೊಂಡ ಬಿಯರ್ಡೆಡ್ ಡ್ರ್ಯಾಗನ್. ಹೆಸರು ದೊಡ್ಡದು, ನೋಡಿದರೆ ನಮ್ಮ ಬೇಲಿಯ ಮೇಲೆ ತಲೆ ಆಡಿಸುವ ಓತಿಕ್ಯಾತನೇ. ಸ್ವಲ್ಪ ಮೈ ಬಂದಿದೆ, ಗದ್ದದ ಕೆಳಗೆ ಮುಳ್ಳು ಮುಳ್ಳಾದ ಗಡ್ಡ ಇದೆ, ಅಷ್ಟೇ. ಇಲ್ಲಿ ಸೋಯಾಕಾಳು ಹುರಿದು ಮಾಡುವ ಹಿಟ್ಟಿಗೆ ಕಿನಾಕೊ ಎನ್ನುತ್ತಾರೆ. ಆ ಹಿಟ್ಟಿನ ಬಣ್ಣವೇ ಇದಕ್ಕೂ ಇದೆಯೆಂದು ನಿಧಿ ಅದೇ ಹೆಸರಿಟ್ಟಿದ್ದಳು. ಎಲೆ, ತರಕಾರಿ, ಒಣಗಿಸಿದ ಹುಳ ತಿನ್ನುತ್ತಿತ್ತು. ಹುಳದ ಡಬ್ಬಿ ತೆಗೆದಾಗ ನಾನು ಮುಖ ಆ ಕಡೆ ತಿರುಗಿಸುತ್ತಿದ್ದೆ. ಅದನ್ನು ಬಿಟ್ಟರೆ ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ.

ಕೂಸು ಆಸ್ಪತ್ರೆಯಿಂದ ಬರುವ ಮುಂಚೆ ವಿಘ್ನೇಶ್ ಕಿನಾಕೊನ ಗಾಜಿನ ಪೆಟ್ಟಿಗೆಯನ್ನು ಹಾಲಿನಿಂದ ಎತ್ತಿ ಗೆಂಕಾನಿಗೆ ಸಾಗಿಸಿದ. ಗೆಂಕಾನ್ ಎಂದರೆ ಮುಂಬಾಗಿಲ ಒಳಗೆ ಚಪ್ಪಲಿ ಬಿಡುವ ತಗ್ಗು ಜಾಗ. ಇಂಥ ಪ್ರಾಣಿಗಳ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ಕ್ರಿಮಿ ಇರುತ್ತದೆ, ಹಸುಗೂಸಿಗೆ ಅದು ತಗುಲಿದರೆ ಅಪಾಯ ಎಂದ. ಅದು ಸುಳ್ಳಲ್ಲ, ನಾನೂ ಒಪ್ಪಿದೆ. ಆದರೆ ಅದು ಫೆಬ್ರವರಿ. ಬಾಗಿಲು ತೆಗೆದಾಗಲೆಲ್ಲ ನದಿ ಕಡೆಯ ಗಾಳಿ ನೇರವಾಗಿ ಅದರ ಪೆಟ್ಟಿಗೆಗೆ ಬಡಿಯುತ್ತಿತ್ತು. ದೊಡ್ಡ ಶಾಖದ ದೀಪದ ವೈರು ಅಲ್ಲಿಯವರೆಗೆ ಎಟುಕಲಿಲ್ಲ ಎಂದು ಒಂದು ಸಣ್ಣ ಬಲ್ಬು ಸಿಕ್ಕಿಸಿದ್ದ. ಬೂಟುಗಳ ಪಕ್ಕದಲ್ಲಿ ಅದು ಕಣ್ಣು ಮುಚ್ಚಿಕೊಂಡು ಬಿದ್ದಿರುತ್ತಿತ್ತು.

ಅಂಥ ಜಾಗ ನನಗೆ ಹೊಸದಲ್ಲ. ಹೊಸದಾಗಿ ಮದುವೆಯಾಗಿ ಹೋದಾಗ ಅತ್ತೆ ನನ್ನನ್ನು ತಿಂಗಳು ತಿಂಗಳೂ ಕೂರಿಸುತ್ತಿದ್ದುದು ಇಂಥದ್ದೇ ಜಾಗದಲ್ಲಿ. ವಠಾರದ ಮನೆಯ ಬಾಗಿಲ ಸಂದು, ಒಂದು ಚಾಪೆ, ಒಂದು ಲೋಟ, ಪಕ್ಕದಲ್ಲಿ ಎಲ್ಲರ ಚಪ್ಪಲಿ. ಶರ್ವಾಣಿ ಇನ್ನೂ ಹಾಲು ಕುಡಿಯುತ್ತಿದ್ದ ಕಾಲದಲ್ಲಿ, ಬರಿಮೈಗೆ ಮೈಲಿಗೆ ತಾಗುವುದಿಲ್ಲ ಎಂದು ಅವಳ ಬಟ್ಟೆಯೆಲ್ಲ ಬಿಚ್ಚಿ, ನೆಲದ ಮೇಲೆ ನನ್ನ ಕಡೆಗೆ ಜರುಗಿಸುತ್ತಿದ್ದರು. ಚಳಿಗೆ ಅವಳ ತುಟಿ ನಡುಗುತ್ತಿತ್ತು. ಅತ್ತೆಯ ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನವೇ ನಾನು ಅವರ ಮಡಿಕೋಲನ್ನು ಟೊಮ್ಯಾಟೊ ಗಿಡಕ್ಕೆ ಊರಿದೆ. ಆ ವರ್ಷ ಹಣ್ಣು ಚೆನ್ನಾಗಿ ಬಿಟ್ಟಿತು.

ಕಿನಾಕೊ ಮೊದಲು ತಿನ್ನುವುದನ್ನು ನಿಲ್ಲಿಸಿತು. ಆಮೇಲೆ ನಿಧಿ ಪೆಟ್ಟಿಗೆ ಚೊಕ್ಕಟ ಮಾಡಲು ಹೋದಾಗ ತೆಗೆಯಲು ಏನೂ ಸಿಗುತ್ತಿರಲಿಲ್ಲ. ಹೊಟ್ಟೆ ಉಬ್ಬಿ ಬಿಗಿಯಾಯಿತು, ಗಡ್ಡ ಕಪ್ಪಗಾಯಿತು. ಅದು ಸಂಕಟದಲ್ಲಿದ್ದಾಗ ಹಾಗಾಗುತ್ತದಂತೆ.

"ಅಜ್ಜಿ, ಕಿನಾಕೊ ಕಕ್ಕ ಮಾಡ್ತಿಲ್ಲ. ಝೆಂಝೆನ್. ಅಟ್ ಆಲ್," ಎಂದಳು ನಿಧಿ. ಅಳಲಿಲ್ಲ. ಅಳದ ಮಕ್ಕಳನ್ನು ಕಂಡರೆ ನನಗೆ ಹೆಚ್ಚು ಭಯ.

ಶನಿವಾರ ವಿಘ್ನೇಶ್, ನಿಧಿ, ನಾನು ಮೂವರೂ ಕೋಟೋ ಕಡೆಯ ಪ್ರಾಣಿಗಳ ಆಸ್ಪತ್ರೆಗೆ ಹೊರಟೆವು. ಕೊಂಬಿನಿ ಎನ್ನುವ ಮೂಲೆಯಂಗಡಿಯಲ್ಲಿ ಕೈ ಬೆಚ್ಚಗಿಡುವ ಸಣ್ಣ ಪೊಟ್ಟಣಗಳು ಸಿಗುತ್ತವೆ. ನಾಲ್ಕಾರನ್ನು ಕೊಂಡು, ಟವೆಲಿನಲ್ಲಿ ಸುತ್ತಿ, ಕಿನಾಕೊನ ಡಬ್ಬಿಯೊಳಗೆ ಇಟ್ಟೆ. ಟ್ರೇನಿನಲ್ಲಿ ಡಬ್ಬಿ ನಿಧಿಯ ತೊಡೆಯ ಮೇಲಿತ್ತು. ವಿಘ್ನೇಶ್ ಒಂದು ಸೀಟು ಬಿಟ್ಟು ಕೂತಿದ್ದ.

ಡಾಕ್ಟರು ಕುರೋದಾ-ಸಾನ್ ಎನ್ನುವ ಹೆಂಗಸು, ಕತ್ತರಿಸಿದ ನರೆಗೂದಲು, ಒರಟು ಕೈ. ಎಕ್ಸ್‌ರೇ ತೆಗೆದು, ಹೊಟ್ಟೆಯಲ್ಲಿ ಅರಗದೆ ಗಟ್ಟಿಯಾಗಿ ನಿಂತದ್ದನ್ನು ಬೆರಳಿಟ್ಟು ತೋರಿಸಿದರು. ಪೆಟ್ಟಿಗೆ ಎಲ್ಲಿಟ್ಟಿದ್ದೀರಿ ಎಂದು ಕೇಳಿದರು. ನಿಧಿ ಉತ್ತರ ಕೊಟ್ಟಳು. ಅವರು ಒಂದಿಷ್ಟು ಹೊತ್ತು ಶಾಂತವಾಗಿ ಏನೋ ಹೇಳಿದರು. ಅಳಿಯ ತಲೆ ತಗ್ಗಿಸಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದ.

"ಏನಂದ್ರು?" ಎಂದು ನಿಧಿಯನ್ನು ಕೇಳಿದೆ.

"ಗೆಂಕಾನ್ ತುಂಬ ಕೋಲ್ಡ್ ಅಂತೆ, ಅಜ್ಜಿ. ಇವಕ್ಕೆ ಹೀಟ್ ಇಲ್ಲಾಂದ್ರೆ ಟಮ್ಮಿ ಕೆಲ್ಸ ಮಾಡಲ್ವಂತೆ."

ಚಿಕಿತ್ಸೆ ಏನೆಂದರೆ, ದೊಡ್ಡ ದೀಪದ ಶಾಖ. ಬೆಳಿಗ್ಗೆ ಸಂಜೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ. ನೀರಿನಲ್ಲಿದ್ದಾಗ ಹೊಟ್ಟೆಯನ್ನು ಹಗುರವಾಗಿ, ಎದೆಯ ಕಡೆಯಿಂದ ಬಾಲದ ಕಡೆಗೆ ನೀವುವುದು. ಬಾಯಿಗೆ ಹನಿ ಹನಿ ನೀರು, ಬೇಯಿಸಿ ಅರೆದ ಸಿಹಿಗುಂಬಳ. ಮುಂದಿನ ಸಲ ಬರುವಷ್ಟರಲ್ಲಿ ಹೊಟ್ಟೆ ಹೋಗದಿದ್ದರೆ ಆಪರೇಷನ್, ಆದರೆ ಇಷ್ಟು ಸೊರಗಿದ ಪ್ರಾಣಿ ಅದನ್ನು ತಡೆದುಕೊಳ್ಳುವುದು ಕಷ್ಟ. ನಾನು ಸುಮ್ಮನಿರಲಾರದೆ ಒಂದು ಹನಿ ಹರಳೆಣ್ಣೆ ಹಾಕಬಹುದೇ ಎಂದು ನಿಧಿಯ ಕೈಲಿ ಕೇಳಿಸಿದೆ. ಡಾಕ್ಟರು ಎರಡು ಕೈಯನ್ನೂ ಅಡ್ಡ ಹಿಡಿದು ಕತ್ತರಿ ಮಾಡಿ ತೋರಿಸಿದರು. ಆ ಹೆಂಗಸಿಗೆ ನಾನು ಎದುರಾಡಲಿಲ್ಲ. ಮನೆಯಲ್ಲಿ ಹಸುಗೂಸಿದೆ ಎಂದು ತಿಳಿದಾಗ ಅವರು ಇನ್ನೊಂದು ಮಾತು ಹೇಳಿದರು. ಪ್ರಾಣಿಯ ತೊಟ್ಟಿ ಬೇರೆ, ಟವೆಲು ಬೇರೆ, ಕೂಸು ಸ್ನಾನ ಮಾಡುವ ಬಚ್ಚಲಿಗಾಗಲಿ ಅಡುಗೆಮನೆಗಾಗಲಿ ಅದನ್ನು ಒಯ್ಯಕೂಡದು.

ವಿಘ್ನೇಶ್ ಆ ಕೊನೆಯ ಮಾತನ್ನೇ ಹಿಡಿದುಕೊಂಡು ಮನೆಗೆ ಬಂದ.

"ಅತ್ತೆ, ಪ್ಲೀಸ್ ಅರ್ಥ ಮಾಡ್ಕೊಳಿ. ಇರೋದು ಒಂದೇ ಬಾತ್‌ರೂಮ್, ಪಾಪೂಗೂ ಅದೇ. ಈ ಟ್ರೀಟ್‌ಮೆಂಟ್ ಮನೇಲಿ ಪ್ರಾಕ್ಟಿಕಲ್ ಅಲ್ಲ. ನಾನು ಅದನ್ನ ಕೊಂಡ ಅಂಗಡಿಯವರ ಹತ್ರ ಮಾತಾಡಿದೀನಿ, ವಾಪಸ್ ತಗೋತಾರೆ. ಆದ್ರೆ ಹುಷಾರಿಲ್ದಿರೋದನ್ನ ತಗೊಳಲ್ವಂತೆ. ಶಾಖ ಕೊಟ್ಟು ನೋಡೋಣ. ತಾನಾಗೇ ಸರಿಹೋದ್ರೆ ಕೊಟ್ಬಿಡೋಣ. ಹೋಗ್ಲಿಲ್ಲಾಂದ್ರೆ..."

ನಿಧಿ ಬೂಟು ಬಿಚ್ಚುವುದನ್ನು ಅರ್ಧಕ್ಕೆ ನಿಲ್ಲಿಸಿ ಅಪ್ಪನ ಮುಖ ನೋಡುತ್ತಿದ್ದಳು. ಶರ್ವಾಣಿ ಕೂಸನ್ನು ಎತ್ತಿಕೊಂಡು ಒಳಬಾಗಿಲಲ್ಲಿ ನಿಂತಿದ್ದಳು. ಯಾರ ಪಕ್ಷ ಹಿಡಿದರೂ ಕಷ್ಟ ಎಂದು ಅವಳ ಮುಖವೇ ಹೇಳುತ್ತಿತ್ತು.

"ಪೆಟ್ಟಿಗೆ ನನ್ ರೂಮಿಗೆ ತನ್ನಿ," ಎಂದೆ.

"ಅತ್ತೆ?"

"ನನಗೆ ಅಂತ ಒಂದು ರೂಮ್ ಕೊಟ್ಟಿದೀರಲ್ಲ, ಅಲ್ಲಿಗೆ. ಅಲ್ಲಿಗೆ ಕೂಸು ಬರಲ್ಲ. ತೊಟ್ಟಿ ನಾನು ಬೇರೆ ತರಿಸ್ತೀನಿ. ನೀರು ಹಾಕೋದು ನನ್ ಕೆಲಸ."

ಅವನು ತನ್ನ ಮೆತ್ತಗಿನ ದನಿಯಲ್ಲೇ, "ಅದನ್ನ ಮುಟ್ಟಿದೋರು ಪಾಪೂನ ಮುಟ್ಟೋ ಹಾಗಿಲ್ಲ ಅತ್ತೆ. ಅದರಲ್ಲಿ ನಾನು ಕಾಂಪ್ರಮೈಸ್ ಮಾಡ್ಕೊಳಲ್ಲ," ಎಂದ.

ಹೀಗೆಂದರೆ ನಾನು ಹಿಂದೆ ಸರಿಯುತ್ತೇನೆ ಎಂದುಕೊಂಡಿದ್ದ, ಪಾಪ. ನನ್ನನ್ನು ಅವನು ಇನ್ನೂ ಸರಿಯಾಗಿ ನೋಡಿರಲಿಲ್ಲ.

"ಸರಿ, ಮುಟ್ಟಲ್ಲ," ಎಂದೆ.

"ಅಮ್ಮಾ, ನೀನು ಬಂದಿದ್ದೇ ಇವನಿಗೋಸ್ಕರ ಅಲ್ವಾ?" ಎಂದಳು ಶರ್ವಾಣಿ. ಅವಳ ಕಣ್ಣಲ್ಲಿ ನೀರಿತ್ತು.

"ಇವನಿಗೆ ನೀರು ಹಾಕಕ್ಕೆ ನೀನಿದೀಯ, ಥರ್ಮಾಮೀಟರ್ ಇದೆ. ಅದಕ್ಕೆ ಯಾರಿದಾರೆ?"

ಆ ಸಂಜೆಯೇ ನಾನು ಬಿಟ್ಟುಬಿಟ್ಟಿದ್ದ ಮಡಿಯನ್ನು ಮತ್ತೆ ಹಿಡಿದೆ. ಮಡಿಯಲ್ಲಿ ಎಷ್ಟು ಹಿಂಸೆಯಿದೆಯೋ ಅಷ್ಟೂ ನನಗೆ ಬಾಯಿಪಾಠ. ನನ್ನ ರೂಮಿನ ಚಾಪೆನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಕಿನಾಕೊನ ತೊಟ್ಟಿ, ಚೊಂಬು, ಟವೆಲು. ಬಾಗಿಲ ಒಳಗೆ ಒಂದು ಗೆರೆಯಂತೆ ನೀಲಿ ಟೇಪು ಅಂಟಿಸಿದೆ. ಗೆರೆಯ ಆಚೆ ಮನೆ, ಈಚೆ ನಾವು. ನೀರು ಹಾಕುವಾಗ ಉಡಲು ಒಂದು ಹಳೆಯ ಸೀರೆ. ಅದು ಬೇರೆ ಬಟ್ಟೆಗೆ ತಗಲುವಂತಿಲ್ಲ. ಬಾಲ್ಕನಿಯ ಒಂದು ತುದಿಯ ಗಳ ಅದಕ್ಕೇ ಮೀಸಲು. ಎತ್ತಿ ಹಾಕಲು ನೂರು ಯೆನ್ ಅಂಗಡಿಯಿಂದ ಕೊಕ್ಕೆಯಿರುವ ಕೋಲನ್ನು ನಿಧಿಯ ಕೈಲಿ ತರಿಸಿದೆ. ಕೊಳೆನೀರು ನೇರ ಟಾಯ್ಲೆಟ್ಟಿಗೆ. ಒಯ್ಯುವವಳು ನಾನು, ದಾರಿಯಲ್ಲಿ ಎದುರು ಬಂದವರಿಗೆ "ದೂರ, ದೂರ" ಎಂದು ಕೂಗುವವಳೂ ನಾನೇ. ಒಂದು ಸಲ ವಿಘ್ನೇಶನೇ ಎದುರು ಬಂದು ಗೋಡೆಗೆ ಅಂಟಿಕೊಂಡು ನಿಂತ. ನಮ್ಮ ಅತ್ತೆ ನೋಡಿದ್ದರೆ ಅಳಿಯನನ್ನು ಬಹಳ ಮೆಚ್ಚಿಕೊಳ್ಳುತ್ತಿದ್ದರು.

ನಿಧಿಗೂ ಕಲಿಸಿದೆ. ಸ್ಕೂಲಿನಿಂದ ಬಂದವಳು ಮೊದಲು ತಮ್ಮನನ್ನು ನೋಡಿ ಮಾತಾಡಿಸಿಕೊಂಡು ಬರಬೇಕು, ಆಮೇಲೆ ಬಟ್ಟೆ ಬದಲಿಸಿ ಗೆರೆ ದಾಟಬೇಕು. ದಾಟಿದ ಮೇಲೆ ಮೊಣಕೈಯವರೆಗೆ ಸೋಪು ಹಾಕಿ ತೊಳೆದು ಸ್ನಾನ ಮಾಡುವ ತನಕ ತಮ್ಮನ ಕಡೆ ತಿರುಗಿ ನೋಡುವಂತಿಲ್ಲ. ಅವಳಿಗೆ ಇದು ಆಟದಷ್ಟೇ ಸುಲಭವಾಯಿತು. "ಮಡಿ, ಮಡಿ," ಎಂದು ಕೈ ಮೇಲೆತ್ತಿಕೊಂಡು ಓಡಾಡುತ್ತಿದ್ದಳು.

ನೀರು ಹಾಕುವುದು ಹೇಳುವಷ್ಟು ಸಲೀಸಾಗಿರಲಿಲ್ಲ. ಮೊದಲ ಸಲ ಕಿನಾಕೊ ನನ್ನ ಮಣಿಕಟ್ಟನ್ನು ಪರಚಿ ಏಳಲು ನೋಡಿತು. ಎಡಗೈಯನ್ನು ಗದ್ದದ ಕೆಳಗೆ ಕೊಟ್ಟು, ಎದೆ ಅಂಗೈಗೆ ಒರಗುವ ಹಾಗೆ ಹಿಡಿದೆ. ಕತ್ತು ನಿಲ್ಲದ ಕೂಸನ್ನು ಹಿಡಿಯುವುದೂ ಹಾಗೆಯೇ. ಬಲಗೈಯ ಎರಡು ಬೆರಳಲ್ಲಿ ಹೊಟ್ಟೆ ಮುಟ್ಟಿ ನೋಡಿದೆ. ಗಾಳಿ ಕಟ್ಟಿದ ಕೂಸಿನ ಹೊಟ್ಟೆಯ ಹಾಗೆ ಬಿರುಸಾಗಿತ್ತು. ಕೂಸುಗಳಿಗೆ ನಾನು ಒತ್ತುವವಳು, ಅವು ಅರಚುತ್ತಿದ್ದವು. ಇದಕ್ಕೆ ಒತ್ತಬಾರದೆಂದು ಕುರೋದಾ-ಸಾನ್ ಹೇಳಿದ್ದರು. ಹಾಗಾಗಿ ಬೆರಳನ್ನು ನೀರಿನ ಜೊತೆ ಹರಿಯಲು ಬಿಟ್ಟೆ. ಸ್ವಲ್ಪ ಹೊತ್ತಿಗೆ ಅದು ಕಣ್ಣು ಮುಚ್ಚಿ ತಲೆಯ ಭಾರವನ್ನು ನನ್ನ ಕೈಗೆ ಬಿಟ್ಟಿತು. ನನಗೆ ಅಳು ಬಂತು. ಅಷ್ಟು ದಿನ ಟವೆಲು ಹಿಡಿದು ನಿಂತ ಕೈಗೆ ಒಂದು ಜೀವದ ಭಾರ ಸಿಕ್ಕಿತ್ತು.

ಆದರೆ ಹೊಟ್ಟೆ ಹೋಗಲಿಲ್ಲ. ಅವತ್ತೂ ಇಲ್ಲ, ಮಾರನೆಯ ದಿನವೂ ಇಲ್ಲ. ಕುಂಬಳದ ಪಾಯಸದಂಥದ್ದನ್ನು ತುಟಿಗೆ ಹಚ್ಚಿದರೆ ನೆಕ್ಕಿ ಸುಮ್ಮನಾಗುತ್ತಿತ್ತು. ಗಡ್ಡ ಕಪ್ಪಗೇ ಇತ್ತು. ಆಸ್ಪತ್ರೆಗೆ ಹೋಗಬೇಕಾದ ದಿನ ಹತ್ತಿರ ಬಂತು. ಜಾರುಬಾಗಿಲ ಆಚೆ ಕೂಸು ಅಳುತ್ತಿತ್ತು. ಆ ಅಳು ಹಸಿವಿಗೋ ಹೊಟ್ಟೆನೋವಿಗೋ ಎಂದು ನನಗೆ ಕೂತಲ್ಲೇ ಗೊತ್ತಾಗುತ್ತಿತ್ತು, ಎದ್ದು ಹೋಗಿ ಎತ್ತಿಕೊಳ್ಳುವಂತಿರಲಿಲ್ಲ. ಹಠ ಮಾಡುವುದು ಸುಲಭ ಎಂದು ಯಾರೂ ತಿಳಿಯಬಾರದು.

ಒಂದು ಮಧ್ಯಾಹ್ನ ಶರ್ವಾಣಿ ಬಾಗಿಲು ಸರಿಸಿದಳು. ವಿಘ್ನೇಶ್ ಕೆಲಸಕ್ಕೆ ಹೋಗಿದ್ದ. "ಅಮ್ಮಾ, ಸ್ನಾನ ಆಗಿದೆ ತಾನೇ? ಒಂದ್ಸಲ ಎತ್ಕೋ. ಅವರಿಗೆ ನಾನು ಹೇಳಲ್ಲ," ಎಂದಳು.

ಕೂಸು ಗೆರೆಯಿಂದ ಒಂದು ಮೊಳ ದೂರದಲ್ಲಿತ್ತು. ಹಾಲಿನ ವಾಸನೆ ನನ್ನ ತನಕ ಬರುತ್ತಿತ್ತು.

"ಕದ್ದು ಎತ್ಕೊಳಲ್ಲ. ನನ್ ಕಾಲದಲ್ಲಿ ಬೇಕಾದಷ್ಟು ಕದ್ದು ಎತ್ಕೊಂಡಿದೀನಿ ನಿನ್ನ," ಎಂದೆ. "ಎಲ್ಲರೆದುರಿಗೇ ಎತ್ಕೋತೀನಿ. ಬಾಗಿಲು ಹಾಕು, ಶಾಖ ಹೋಗತ್ತೆ."

ಅವಳು ಬಾಗಿಲು ಎಳೆದುಕೊಂಡಳು. ಬಹಳ ಹೊತ್ತು ಅಲ್ಲೇ ನಿಂತಿದ್ದಳೆಂದು ನೆರಳಿನಿಂದ ಗೊತ್ತಾಯಿತು.

ಆಸ್ಪತ್ರೆಗೆ ಹೋಗಬೇಕಾದ ಹಿಂದಿನ ದಿನ. ನಿಧಿ ಸ್ಕೂಲಿನಲ್ಲಿದ್ದಳು. ಕಿನಾಕೊನನ್ನು ದೀಪದ ಕೆಳಗೆ ಚೆನ್ನಾಗಿ ಕಾಯಿಸಿ ನೀರಿಗಿಳಿಸಿದೆ. ಬೆರಳು ಹರಿಯುತ್ತಿದ್ದ ಹಾಗೆ ಹೊಟ್ಟೆಯೊಳಗೆ ಏನೋ ಜರುಗಿತು. ಕೂಸುಗಳ ಹೊಟ್ಟೆಯಲ್ಲಿ ಆ ಜರುಗುವಿಕೆ ನನಗೆ ಚೆನ್ನಾಗಿ ಗೊತ್ತು. ಕಿನಾಕೊ ಹಿಂಗಾಲೆರಡನ್ನೂ ಅಗಲಿಸಿ, ಬಾಲ ಎತ್ತಿ, ಬಾಯಿ ತೆರೆದು ನನ್ನನ್ನೇ ದುರುಗುಟ್ಟಿ ನೋಡಿತು. ಮೊದಲು ಒಂದು ಗಟ್ಟಿ ತುಂಡು, ಅದರ ಹಿಂದೆ ಇಷ್ಟು ದಿನ ಕೂಡಿಟ್ಟದ್ದೆಲ್ಲ. ನೀರು ಕದಡಿ ಕಂದಾಯಿತು. ಎಂಥ ನಾತ ಎಂದರೆ ಆಚೆ ಅಡುಗೆಮನೆಯಿಂದ ಶರ್ವಾಣಿ "ಅಮ್ಮಾ, ಏನದು?" ಎಂದಳು. ನಾನು ನಗುತ್ತಿದ್ದೆ. ಕೂತಲ್ಲೇ, ಎರಡು ಕೈಯಲ್ಲೂ ಓತಿಕ್ಯಾತನನ್ನು ಹಿಡಿದುಕೊಂಡು, ಸೆರಗಲ್ಲಿ ಕಣ್ಣು ಒರೆಸಿಕೊಳ್ಳಲೂ ಆಗದೆ ನಗುತ್ತಿದ್ದೆ.

ಆ ಗಟ್ಟಿ ತುಂಡನ್ನು ಮಾತ್ರ ಚೆಲ್ಲದೆ ಒಂದು ಮುಚ್ಚಳದಲ್ಲಿ ಇಟ್ಟಿದ್ದೆ. ನಿಧಿ ಬಂದು ಗೆರೆಯೊಳಗೆ ಮಂಡಿಯೂರಿ ಅದನ್ನು ಬಹಳ ಗೌರವದಿಂದ ನೋಡಿದಳು. ಆಮೇಲೆ ಪೆಟ್ಟಿಗೆಯ ಕಡೆ ತಿರುಗಿ, ಗಡ್ಡದ ಕಪ್ಪು ತಿಳಿಯಾಗುತ್ತಿದ್ದ ಕಿನಾಕೊನನ್ನು ಕಂಡು, ಆ ದಿನಗಳಲ್ಲಿ ಮೊದಲ ಸಲ ಜೋರಾಗಿ ಅತ್ತಳು.

"ಈಗ ಹುಷಾರಾಯ್ತಲ್ಲ ಅಜ್ಜಿ. ಈಗ ಅಂಗಡಿಯವರು ತಗೋತಾರೆ," ಎಂದಳು.

"ಯಾರು ಕೊಡ್ತಾರೆ ಅವರಿಗೆ?" ಎಂದೆ.

ನಾನು ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡೆ. ಸೂಟ್‌ಕೇಸಿನ ತಳದಿಂದ, ಈ ಮನೆಯ ಗಾಳಿಯೂ ಸೋಕದ ಒಗೆದ ಸೀರೆ ತೆಗೆದು ಉಟ್ಟೆ. ಹೊರಗೆ ಬರುವ ಹೊತ್ತಿಗೆ ವಿಘ್ನೇಶ್ ಕೆಲಸದಿಂದ ಬಂದಿದ್ದ. ಕೋಟು ಕೂಡ ಬಿಚ್ಚಿರಲಿಲ್ಲ, ಶರ್ವಾಣಿ ಬಾಗಿಲಲ್ಲೇ ಸುದ್ದಿ ಹೇಳಿದ್ದಳು. ಅವನ ಮುಖದಲ್ಲಿ ನಿಜವಾಗಿಯೂ ಸಂತೋಷವಿತ್ತು.

"ಥ್ಯಾಂಕ್ಯೂ ಅತ್ತೆ, ನೀವು ತುಂಬ ಕಷ್ಟಪಟ್ರಿ. ಹಾಗಾದ್ರೆ ಭಾನುವಾರದ ತನಕ ಗೆಂಕಾನ್‌ನಲ್ಲೇ ಇಟ್ಟಿರೋಣ, ಬೇಕಾದ್ರೆ ಎಕ್ಸ್‌ಟೆನ್ಷನ್ ಹಾಕಿ ದೊಡ್ಡ ಲ್ಯಾಂಪ್ ಕೊಡೋಣ. ಆಮೇಲೆ ಅಂಗಡಿಗೆ..."

"ಅದು ಗೆಂಕಾನಿಗೂ ಹೋಗಲ್ಲ, ಅಂಗಡಿಗೂ ಹೋಗಲ್ಲ," ಎಂದೆ.

ಅವನು ಶರ್ವಾಣಿಯ ಮುಖ ನೋಡಿದ. ಅವಳು ನನ್ನ ಮುಖ ನೋಡುತ್ತಿದ್ದಳು.

"ನಿಮ್ಮ ಭಯ ಸುಳ್ಳಲ್ಲ ವಿಘ್ನೇಶ್, ಕೂಸು ನನಗೂ ಮೊಮ್ಮಗನೇ. ಅದಕ್ಕೇ ನೀವು ಹೇಳಿದ್ದಕ್ಕಿಂತ ಜಾಸ್ತಿ ಮಾಡಿದೀನಿ. ತೊಟ್ಟಿ ಬೇರೆ, ಬಟ್ಟೆ ಬೇರೆ, ಗೆರೆ ಬೇರೆ. ನಿಧಿಗೂ ಎಲ್ಲಾ ಬರತ್ತೆ, ನಾನು ಊರಿಗೆ ಹೋದ್ಮೇಲೆ ಆ ರೂಮಲ್ಲಿ ಅವಳು ನೋಡ್ಕೋತಾಳೆ. ಏನು ಬೇಕಾದ್ರೂ ನಿಯಮ ಹಾಕಿ, ನಾವು ಪಾಲಿಸ್ತೀವಿ. ಆದ್ರೆ ಜೀವ ಇರೋದನ್ನ ಚಪ್ಪಲಿ ಪಕ್ಕ ಚಳೀಲಿ ಕೂರ್ಸೋದು ನಮ್ಮನೇಲಿ ನನ್ನ ಕಾಲಕ್ಕೇ ಮುಗೀತು. ಮತ್ತೆ ಶುರು ಮಾಡಕ್ಕೆ ನಾನು ಬಿಡಲ್ಲ."

ಶರ್ವಾಣಿಗೆ ಆ ಚಾಪೆಯ ಕಥೆ ನಾನು ಯಾವತ್ತೂ ಹೇಳಿರಲಿಲ್ಲ. ಅವಳು ಏನು ಅರ್ಥ ಮಾಡಿಕೊಂಡಳೋ, ಕೂಸನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. ಅದಕ್ಕೆ ಎಚ್ಚರವಾಗಿ ಮುಲುಗಿತು. ವಿಘ್ನೇಶ್ ಕೂಸನ್ನು ಎತ್ತಿಕೊಳ್ಳೋಣ ಎಂದು ಎರಡು ಕೈಯನ್ನೂ ಚಾಚಿದ.

ನಾನು ನಡುವೆ ಬಂದು ನಿಂತೆ.

"ಬೇಡಿ," ಎಂದೆ. "ಟ್ರೇನಿಂದ ಬಂದಿದೀರ, ಕೈ ತೊಳೆದಿಲ್ಲ. ನಾನು ಮಡೀಲಿದೀನಿ. ಕೂಸನ್ನೂ ಮುಟ್ಬೇಡಿ, ನನ್ನನ್ನೂ ಮುಟ್ಬೇಡಿ."

ಅವನು ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತ. ಆಮೇಲೆ ಕೋಟು ಬಿಚ್ಚುತ್ತಾ ಬಚ್ಚಲ ಕಡೆ ನಡೆದ. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ನಾನು ಶರ್ವಾಣಿಯ ಕೈಯಿಂದ ಕೂಸನ್ನು ಬಟ್ಟೆ ಸಮೇತ ಎತ್ತಿ ಎದೆಗೆ ಒರಗಿಸಿಕೊಂಡೆ.